ಇಮ್ಮರ್ ವೀಡರ್: ಒಂದು ನೈಟ್ ಶಿಫ್ಟ್, ಒಂದು ಬಿಟ್ಟೋದ ಪದ

ಜೂನ್ ತಿಂಗಳ ಒಂದು ಬೆಳಿಗ್ಗೆ 10:20ಕ್ಕೆ ನಂಗೆ ವಾಟ್ಸಾಪ್‌ನಲ್ಲಿ 4 ನಿಮಿಷದ ಒಂದು ವಾಯ್ಸ್ ಮೆಸೇಜ್ ಬಂತು. ಕಳ್ಸಿದ್ದು ನನ್ನ ಹಳೇ ಸ್ಟೂಡೆಂಟ್, ಅರಸೀಕೆರೆ ಕಡೆ ಹುಡುಗಿ, ನರ್ಸಿಂಗ್ ಮುಗ್ಸಿ ಬೆಂಗ್ಳೂರಲ್ಲಿ 3 ವರ್ಷ ಕೆಲ್ಸ ಮಾಡಿ ಆಮೇಲೆ ಜರ್ಮನಿಗೆ ಹೋದವ್ಳು, ಎ1 ಅನ್ನೋ ಮೊದಲ ಹಂತದಿಂದ ಬಿ2 ಹಂತದ ತನಕ ನನ್ನ ಹತ್ರಾನೇ ಜರ್ಮನ್ ಕಲ್ತಿದ್ದು. ಅಲ್ಲಿ ಆಗ 6:50, ಬೇಸಿಗೇಲಿ ನಮ್ಗೂ ಅವ್ರಿಗೂ ಮೂರೂವರೆ ಗಂಟೆ ವ್ಯತ್ಯಾಸ, ನೈಟ್ ಮುಗ್ಸಿ ಬಸ್ ಸ್ಟಾಪಲ್ಲಿ ನಿಂತ್ಕೊಂಡು ಮಾತಾಡ್ತಿದ್ಲು. "ಮೇಡಂ, ಇವತ್ತು ಯೂಬರ್‌ಗಾಬೆಲಿ ನಾನ್ ಹೇಳಿದ್ದೇ ಒಂದು ಅವ್ರಿಗೆ ಅರ್ಥ ಆಗಿದ್ದೇ ಒಂದು, ನಂಗೆ ಅಳು ಬಂದ್ಬಿಡ್ತು" ಅಂತ ಶುರುವಾಯ್ತು. ಯೂಬರ್‌ಗಾಬೆ ಅಂದ್ರೆ ರಾತ್ರಿ ಪಾಳಿಯವ್ರು ಬೆಳಗಿನ ಪಾಳಿಯವ್ರಿಗೆ ಒಬ್ಬೊಬ್ಬ ಪೇಷಂಟ್ ವಿಷ್ಯಾನೂ ಒಪ್ಪಿಸೋದು.

ಅವಳನ್ನ ಕೇಳಿ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ, ಹೆಸ್ರು ಬೇಡ, ಆಸ್ಪತ್ರೆ ಹೆಸ್ರೂ ಬೇಡ. ಬರಿಯೋಕೆ ಕಾರಣ ಏನಂದ್ರೆ ಜರ್ಮನ್ ಕಲಿಯೋ ನಮ್ಮೋರು ಎಲ್ರೂ ಇದೇ ಜಾಗದಲ್ಲಿ, 'ಯಾವಾಗ್ಲೂ' ಮತ್ತೆ 'ಪದೇ ಪದೇ' ಅನ್ನೋದ್ರ ಮಧ್ಯೆ, ಎಡವ್ತಾರೆ, ಮತ್ತೆ ಇಲ್ಲಿ ಎಡವೋ ಅಗತ್ಯಾನೇ ಇಲ್ಲ, ಯಾಕಂದ್ರೆ ಬೇಕಾಗಿರೋದು ನಮ್ಮ ಕನ್ನಡದಲ್ಲೇ ಬೇಕಾದಷ್ಟಿದೆ.

ಆ ರಾತ್ರಿ ಏನಾಯ್ತು ಅಂದ್ರೆ, ಅವಳ ವಾರ್ಡಲ್ಲಿ ಒಬ್ರು ವಯಸ್ಸಾದೋರು ಇದ್ರು, ನ್ಯುಮೋನಿಯ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ ನಿಮಿಷಕ್ಕೆ 2 ಲೀಟರ್ ಬಿಟ್ಟಿದ್ರು. ಅದನ್ನ ಜರ್ಮನ್‌ನಲ್ಲಿ ಸಾವರ್‌ಶ್ಟೋಫ್‌ಬ್ರಿಲ್ಲೆ ಅಂತಾರೆ. ಸಾವರ್ ಅಂದ್ರೆ ಹುಳಿ, ಶ್ಟೋಫ್ ಅಂದ್ರೆ ವಸ್ತು, ಅಂದ್ರೆ ನಮ್ಮ 'ಆಮ್ಲಜನಕ'ದ ಹಾಗೇನೇ, ಬ್ರಿಲ್ಲೆ ಅಂದ್ರೆ ಕನ್ನಡಕ, ಕಿವಿ ಮೇಲೆ ಸಿಗಿಸ್ತಾರಲ್ಲ ಅದಕ್ಕೆ. ತಾತ ರಾತ್ರಿ ಹೊತ್ತು ಸ್ವಲ್ಪ ಗಲಿಬಿಲಿ ಆಗಿ ಅದನ್ನ ಪದೇ ಪದೇ ಕಿತ್ತಾಕ್ತಿದ್ರು, ಇವಳು ಹೋಗಿ ಮತ್ತೆ ಹಾಕೋದು, ಅರ್ಧ ಗಂಟೆ ಸರಿ ಇರೋದು, ಮತ್ತೆ ಕೀಳೋದು. ಬೆಳಿಗ್ಗೆ ಯೂಬರ್‌ಗಾಬೆಲಿ ಇವಳು ಹೇಳಿದ್ದು ಇದು: "ಏರ್ ನಿಮ್ಟ್ ಡೀ ಸಾವರ್‌ಶ್ಟೋಫ್‌ಬ್ರಿಲ್ಲೆ ಇಮ್ಮರ್ ಆಪ್."

ವ್ಯಾಕರಣ ಸರಿ ಇದೆ, ಪದಗಳ ಜಾಗ ಸರಿ ಇದೆ, ಪರೀಕ್ಷೇಲಿ ಬರೆದಿದ್ರೆ ನಾನೂ ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ. ಆದ್ರೆ ಅದರ ಅರ್ಥ 'ಅವರು ಅದನ್ನ ಯಾವಾಗ್ಲೂ ತೆಗೆದುಬಿಡ್ತಾರೆ' ಅಂತ. ಬೆಳಗಿನ ಪಾಳಿ ನರ್ಸ್ ಪೆನ್ ನಿಲ್ಸಿ ಕೇಳಿದ್ರಂತೆ: "ಇಮ್ಮರ್? ಡೀ ಗಾನ್ತ್ಸೆ ನಾಖ್ಟ್ ಓನೆ?" ಯಾವಾಗ್ಲೂನಾ, ಇಡೀ ರಾತ್ರಿ ಇಲ್ದೇನೇ ಇದ್ರಾ? ಇವಳಿಗೆ ಸುಸ್ತು, ಅವರು ಕೇಳಿದ್ದು ಬೇಗ, 'ಇಡೀ ರಾತ್ರಿ' ಅನ್ನೋದು ಕಿವಿಗೆ ಬಿತ್ತು, ಹೌದಲ್ಲ ಇಡೀ ರಾತ್ರಿ ಇದೇ ಗೋಳಾಗಿತ್ತಲ್ಲ ಅನ್ಕೊಂಡು "ಯಾ, ಯಾ" ಅಂದ್ಬಿಟ್ಳು. ಅಷ್ಟೇ. ಡ್ಯೂಟಿ ಡಾಕ್ಟ್ರಿಗೆ ಯಾಕೆ ಫೋನ್ ಮಾಡ್ಲಿಲ್ಲ, ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಮಟ್ಟ, ಎಷ್ಟಿತ್ತು ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಪುಣ್ಯಕ್ಕೆ ಚಾರ್ಟಲ್ಲಿ ಪ್ರತೀ ಸಲದ ರೀಡಿಂಗ್ ಬರೆದಿಟ್ಟಿದ್ಲು, ಅದನ್ನ ನೋಡಿದ್ಮೇಲೆ ಎಲ್ರಿಗೂ ವಿಷ್ಯ ಗೊತ್ತಾಯ್ತು, "ಆಖ್ ಸೋ, ಇಮ್ಮರ್ ವೀಡರ್!" ಅಂದ್ರಂತೆ ಆ ನರ್ಸ್. ಓ, ಹಾಗಾ, ಪದೇ ಪದೇನಾ! ಯಾರೂ ಕೆಟ್ಟದಾಗಿ ನಡ್ಕೊಂಡಿಲ್ಲ. ಆದ್ರೂ ರಾತ್ರಿಯೆಲ್ಲ ಒಬ್ಬ ಪೇಷಂಟ್ ಹಿಂದೆ ಓಡಾಡಿದವ್ಳು ಬೆಳಿಗ್ಗೆ ನಿರ್ಲಕ್ಷ್ಯ ಮಾಡಿದವ್ಳ ಥರ ನಿಂತ್ಕೋಬೇಕಾಯ್ತಲ್ಲ, ಅದು ನೋವೇ.

ಇಲ್ಲಿ ನನ್ನ ತಲೇಲಿ ಕೊರೀತಿದ್ದಿದ್ದು ಏನಂದ್ರೆ, ಇಮ್ಮರ್ ವೀಡರ್ ಇವಳಿಗೆ ಹೊಸ ಪದ ಅಲ್ಲ. ಓದಿದ್ರೆ ಅರ್ಥ ಆಗತ್ತೆ, ಕೇಳಿದ್ರೂ ಅರ್ಥ ಆಗತ್ತೆ, ಬಾಯಿಗೆ ಮಾತ್ರ ಬರಲ್ಲ. ಅವತ್ತು ಸಂಜೆ ವಿಡಿಯೋ ಕಾಲ್ ಮಾಡ್ದಾಗ ಅವಳ ಹಳೇ ನೋಟ್‌ಬುಕ್ ತೋರ್ಸು ಅಂದೆ, ಅದನ್ನ ಅಲ್ಲಿಗೂ ತಗೊಂಡ್ ಹೋಗಿದ್ಲು. ಬೈಂಡ್ ಕಿತ್ತೋಗಿರೋ ಲಾಂಗ್ ಬುಕ್ಕು, ಪುಟದ ಮಧ್ಯ ಸ್ಕೇಲಲ್ಲಿ ಗೀಟು ಹಾಕಿ ಎಡಕ್ಕೆ ಜರ್ಮನ್ ಬಲಕ್ಕೆ ಇಂಗ್ಲಿಷ್. ಒಂದು ಪುಟದಲ್ಲಿ ಇಮ್ಮರ್, ಎದುರಿಗೆ ಆಲ್ವೇಸ್. ಆರೇಳು ಪುಟ ಆದ್ಮೇಲೆ ವೀಡರ್, ಎದುರಿಗೆ ಅಗೇನ್. ಎರಡೂ ಒಟ್ಟಿಗೆ ಎಲ್ಲೂ ಇಲ್ಲ. ಇದರಲ್ಲೇ ಇಡೀ ಕಥೆ ಇದೆ ನೋಡಿ. ಮಾತಾಡೋ ಹೊತ್ತಲ್ಲಿ ಅವಳು ಕನ್ನಡದಲ್ಲಿ ಯೋಚ್ನೆ ಮಾಡಿ, ಅದನ್ನ ಇಂಗ್ಲಿಷ್‌ಗೆ ತಂದು, ಅಲ್ಲಿಂದ ಜರ್ಮನ್‌ಗೆ ದಾಟಿಸ್ತಾಳೆ. ಇಂಗ್ಲಿಷ್‌ನಲ್ಲಿ 'ಆಲ್ವೇಸ್ ಅಗೇನ್' ಅನ್ನೋ ಮಾತೇ ಇಲ್ವಲ್ಲ, ಅದಕ್ಕೆ ದಾರೀಲಿ ಒಂದು ಅರ್ಧ ಬಿದ್ದೋಗತ್ತೆ, ಇಮ್ಮರ್ ಮಾತ್ರ ಉಳ್ಕೊಳತ್ತೆ. ಇದು ಅವಳ ತಪ್ಪಲ್ಲ, ಆ ಗೀಟು ಹಾಕೋ ಪದ್ಧತಿ ಕಲ್ಸಿದ್ದೇ ನಾನು, ಕ್ಲಾಸಲ್ಲಿ ಎಲ್ರಿಗೂ ಒಂದೇ ಥರ ಇರ್ಲಿ ಅಂತ.

ಸರಿ, ಕನ್ನಡದಿಂದ ಸೀದಾ ಜರ್ಮನ್‌ಗೆ ಹೋಗೋಣ ಅಂತ ತೀರ್ಮಾನ ಮಾಡಿ ಕೇಳ್ದೆ, "ಆ ತಾತ ಏನ್ ಮಾಡ್ತಿದ್ರು ಅಂತ ನಿಮ್ಮ ಅಮ್ಮಂಗೆ ಹೇಳೋ ಹಾಗೆ ಹೇಳು ನೋಡೋಣ." ಒಂದೇ ಉಸಿರಲ್ಲಿ ಹೇಳಿದ್ಲು: "ಕಿತ್ ಕಿತ್ ಹಾಕ್ತಿದ್ರು ಕಣಮ್ಮಾ, ಹಾಕ್ದಷ್ಟೂ ಕೀಳೋರು, ಎದ್ದೆದ್ದು ಕೂತ್ಕೊಳೋರು, ನಾನು ತಿರ್ಗಾ ಮುರ್ಗಾ ಹೋಗಿ ಹೋಗಿ ಹಾಕಿ ಬರ್ತಿದ್ದೆ." ಇದರಲ್ಲಿ 'ಯಾವಾಗ್ಲೂ' ಅನ್ನೋ ಪದ ಎಲ್ಲಿದೆ? ಇಲ್ವೇ ಇಲ್ಲ. ಕನ್ನಡಕ್ಕೆ ಅದು ಬೇಕಾಗೇ ಇಲ್ಲ, ಕ್ರಿಯಾಪದಾನೇ ಎರಡು ಸಲ ಹೇಳಿ ಕೆಲ್ಸ ಮುಗಿಸ್ಬಿಡತ್ತೆ. ನಾವು ಹೈಸ್ಕೂಲಲ್ಲಿ ದ್ವಿರುಕ್ತಿ ಅಂತ ಓದಿರ್ತೀವಿ, ಪರೀಕ್ಷೆಗೆ 'ಬಿಸಿ ಬಿಸಿ', 'ಮನೆ ಮನೆ' ಅಂತ ಉದಾಹರಣೆ ಬರೆದು 1 ಮಾರ್ಕ್ಸ್ ತಗೊಂಡು ಮರ್ತುಬಿಡ್ತೀವಿ. ಸಂಸ್ಕೃತ ವ್ಯಾಕರಣದಲ್ಲಿ ಪಾಣಿನಿ ಇದಕ್ಕೆ ಅಂತಾನೇ ಒಂದು ಸೂತ್ರ ಇಟ್ಟಿದಾನೆ, ಎಂಟನೇ ಅಧ್ಯಾಯದ ಮೊದಲ ಪಾದದಲ್ಲಿ, 'ನಿತ್ಯವೀಪ್ಸಯೋಃ' ಅಂತ. ಕೆಲಸ ಮರಳಿ ಮರಳಿ ಆಗ್ತಿದ್ರೆ ಅದು ನಿತ್ಯ, ಒಂದೊಂದನ್ನೂ ಸೇರಿಸ್ಕೊಂಡು ಹೇಳ್ಬೇಕಾದ್ರೆ ಅದು ವೀಪ್ಸೆ, ಎರಡಕ್ಕೂ ಪದ ಎರಡು ಸಲ ಬರತ್ತೆ. ಕಿತ್ ಕಿತ್ ಹಾಕೋದು ನಿತ್ಯ, ಮನೆ ಮನೆಗೂ ಹೋಗೋದು ವೀಪ್ಸೆ.

ಇನ್ನೊಂದು ವಿಷ್ಯ ಇಲ್ಲಿ ಹೇಳ್ಲೇಬೇಕು ಅನ್ಸತ್ತೆ. ನಮ್ಮ ಹಳೇ ವ್ಯಾಕರಣ ಶಬ್ದಮಣಿದರ್ಪಣವನ್ನ 1872ರಲ್ಲಿ ಮಂಗಳೂರಲ್ಲಿ ಸಂಪಾದನೆ ಮಾಡಿ ಅಚ್ಚು ಹಾಕ್ಸಿದ್ದು ಒಬ್ರು ಜರ್ಮನ್, ಫರ್ಡಿನಾಂಡ್ ಕಿಟೆಲ್, 1894ರ ದೊಡ್ಡ ಕನ್ನಡ ನಿಘಂಟಿನವ್ರು. ನಮ್ಮ 'ಎದ್ದೆದ್ದು', 'ತಿರುತಿರುಗಿ'ಗಳನ್ನ ಅವರೂ ಕಿವಿ ಕೊಟ್ಟು ಕೇಳಿ ಕಲ್ತಿರ್ಬೇಕು. ಈಗ ಅವರ ಭಾಷೆಯ ಒಂದು ಜೋಡಿ ಪದ ಕಲಿಯೋ ಸರದಿ ಅರಸೀಕೆರೆ ಹುಡುಗಿದು, ನಂಗೆ ಇದು ತುಂಬ ಇಷ್ಟ ಆಗೋ ಸಂಗತಿ.

ಜರ್ಮನ್‌ಗೆ ಈ ಕ್ರಿಯಾಪದ ಎರಡೆರಡು ಸಲ ಹೇಳೋ ಸೌಕರ್ಯ ಇಲ್ಲ. ಅಲ್ಪಸ್ವಲ್ಪ ಬೇರೆ ದಾರಿ ಇದೆ, ಕೆಲವು ಕ್ರಿಯಾಪದದ ಕೊನೇಲಿ 'ಎಲ್ನ್' ಅಂತ ಸೇರಿದ್ರೆ ಸಣ್ಣಸಣ್ಣದಾಗಿ ಮತ್ತೆ ಮತ್ತೆ ಅನ್ನೋ ಅರ್ಥ ಬರತ್ತೆ: ಹೂಸ್ಟನ್ ಅಂದ್ರೆ ಕೆಮ್ಮೋದು, ಹ್ಯೂಸ್ಟೆಲ್ನ್ ಅಂದ್ರೆ ಖೊಕ್ ಖೊಕ್ ಅಂತಿರೋದು, ಟ್ರೋಪ್ಫೆಲ್ನ್ ಅಂದ್ರೆ ತೊಟ್ ತೊಟ್ ಅಂತ ಬೀಳೋದು. ಅವಳ ವಾರ್ಡಲ್ಲಿ ದಿನಕ್ಕೆ ನೂರು ಸಲ ಕೇಳೋ ಕ್ಲಿಂಗೆಲ್ನ್, ಬೆಲ್ ಮಾಡೋದು, ಅದೂ ಕ್ಲಿಂಗನ್ ಅನ್ನೋದಕ್ಕೆ ಈ ಬಾಲ ಸೇರಿ ಆಗಿದ್ದೇ. ಆದ್ರೆ ಹೊಸದಾಗಿ ಯಾವ ಕ್ರಿಯಾಪದಕ್ಕೆ ಬೇಕಾದ್ರೂ ಹೀಗೆ ಬಾಲ ಕಟ್ಟೋಕಾಗಲ್ಲ. ಅದಕ್ಕೇ ಹೊರಗಿಂದ ಒಂದು ಜೋಡಿ ಬೇಕು, ಆ ಜೋಡೀನೇ ಇಮ್ಮರ್ ವೀಡರ್. ಅದು ಎರಡು ಪದ ಅಲ್ಲ ಕಣಮ್ಮಾ, ಒಂದೇ ಪದ, 'ಪದೇ ಪದೇ' ಅನ್ನೋದ್ರಲ್ಲಿ ಒಂದು 'ಪದೇ' ಕಿತ್ತಾಕಿದ್ರೆ ಏನ್ ಉಳ್ಯತ್ತೆ ಹೇಳು, ಅಂದೆ. ನಕ್ಳು. ಅವತ್ತು ಅವಳು ನಕ್ಕಿದ್ದು ಅದೇ ಮೊದ್ಲು.

ಆದ್ರೆ ಕನ್ನಡದಿಂದ ಹೋದ್ರೆ ಎಲ್ಲಾ ಸಲೀಸು ಅಂತ ನಾನು ಹೇಳಲ್ಲ. ನಾವೂ ಸಿಟ್ಟು ಬಂದಾಗ 'ಯಾವಾಗ್ಲೂ ಹಿಂಗೇ ಮಾಡ್ತಾನೆ' ಅಂತೀವಿ, ಎರಡೇ ಸಲ ಮಾಡಿದ್ರೂ. ಮನೇಲಿ ಅದು ನಡೀತದೆ, ಆಸ್ಪತ್ರೆಲಿ ನಡಿಯಲ್ಲ. ಹಾಗಾಗಿ ಪದದಿಂದ ಪದಕ್ಕೆ ಹೋಗೋದು ಬಿಟ್ಟು ಚಿತ್ರ ಬರ್ಸೋಣ ಅನ್ಸ್ತು. ಅವಳಿಗೆ ರಂಗೋಲಿ ಚೆನ್ನಾಗಿ ಬರತ್ತೆ ಅಂತ ಗೊತ್ತಿತ್ತು. ಒಂದು ಹಾಳೆ ತಗೋ, ಎಡಗಡೆ ರಾತ್ರಿ 9, ಬಲಗಡೆ ಬೆಳಿಗ್ಗೆ 6, ಮಧ್ಯೆ ಜಾಗ ಬಿಡು ಅಂದೆ. ಇಮ್ಮರ್‌ಗೆ ಆ ಕೊನೆಯಿಂದ ಈ ಕೊನೆ ತನಕ ಬಿಡದೆ ಒಂದು ಎಳೆ. ಇಮ್ಮರ್ ವೀಡರ್‌ಗೆ ಎಳೆ ಇಲ್ಲ, ಬರೀ ಚುಕ್ಕಿ, ಚುಕ್ಕಿ ಚುಕ್ಕಿ ಮಧ್ಯೆ ಖಾಲಿ ಜಾಗ ಇರ್ಲೇಬೇಕು, ಆ ಖಾಲಿ ಜಾಗಾನೇ ಮುಖ್ಯ, ಅಲ್ಲೇ ತಾತನ ಮೂಗಲ್ಲಿ ಆಕ್ಸಿಜನ್ ಇದ್ದಿದ್ದು. ಇಮ್ಮರ್ ನೋಖ್ ಅಂದ್ರೆ 'ಇನ್ನೂ', ಹಿಂದೆಲ್ಲೋ ಶುರುವಾದ ಎಳೆ ಈಗ್ಲೂ ಕಡಿದಿಲ್ಲ. ನೋಖ್ ಐನ್‌ಮಾಲ್‌ಗೆ ಇನ್ನೊಂದೇ ಒಂದು ಚುಕ್ಕಿ. ಇಮ್ಮರ್ ಮಾಲ್ ವೀಡರ್ ಅಂದ್ರೆ 'ಆಗೊಮ್ಮೆ ಈಗೊಮ್ಮೆ', ಚುಕ್ಕಿಗಳು ದೂರ ದೂರ, ಯಾರಿಗೂ ಗಾಬರಿ ಇಲ್ಲ. ಇಮ್ಮರ್ ಬೆಸ್ಸರ್‌ಗೆ ಏನ್ ಬರೀಲಿ ಮೇಡಂ ಅಂದ್ಲು, ಅದಕ್ಕೆ ಚುಕ್ಕಿ ಬೇಡ, ಮೇಲಕ್ಕೆ ಹತ್ತೋ ಗೆರೆ ಹಾಕು, 'ಬರ್ತಾ ಬರ್ತಾ ವಾಸಿ ಆಗ್ತಿದೆ' ಅಂತ. ಇಮ್ಮರ್ ಅನ್ನೋ ಪದ ಹುಟ್ಟಿದ್ದೇ ಹಳೇ ಜರ್ಮನ್‌ನ ಇಯೋಮೇರ್‌ನಿಂದ, ಅದರಲ್ಲಿ ಮೇರ್ ಅಂದ್ರೆ 'ಹೆಚ್ಚು', ಹಾಗಾಗಿ ಈ ಏರೋ ಗುಣ ಅದಕ್ಕೆ ಹೊಸದೇನಲ್ಲ.

ಆ ಹಾಳೆ ಫೋಟೋ ಈಗ್ಲೂ ನನ್ನ ಫೋನಲ್ಲಿದೆ. ಇಮ್ಮರ್ ವೀಡರ್ ಸಾಲಲ್ಲಿ ನೀಲಿ ಪೆನ್ನಲ್ಲಿ 7 ಚುಕ್ಕಿ, ಒಂದೊಂದರ ಕೆಳಗೂ ಸಣ್ಣಕ್ಷರದಲ್ಲಿ ಟೈಮ್, ನಾನು ಟೈಮ್ ಬರಿ ಅಂತ ಹೇಳೇ ಇರ್ಲಿಲ್ಲ. ಅವಳಿಗೆ ಆ ರಾತ್ರಿ ಅಷ್ಟು ಚೆನ್ನಾಗಿ ನೆನಪಿತ್ತು.

ಜಾಗದ ವಿಷ್ಯ ಬೇಗ ಮುಗೀತು. ಗೊತ್ತಿರೋ ವಸ್ತು ಮೊದ್ಲು, ಆಮೇಲೆ ಇಮ್ಮರ್ ವೀಡರ್, ಕಟ್ಟಕಡೇಲಿ ಕ್ರಿಯಾಪದದ ಉಳಿದ ತುಂಡು. "ಏರ್ ಹಾಟ್ ಡೀ ಸಾವರ್‌ಶ್ಟೋಫ್‌ಬ್ರಿಲ್ಲೆ ಇಮ್ಮರ್ ವೀಡರ್ ಆಪ್‌ಗೆನೊಮ್ಮೆನ್." ಕನ್ನಡದಲ್ಲೂ 'ಅದನ್ನ ಪದೇ ಪದೇ ಕಿತ್ತಾಕಿದ್ರು', ಅದೇ ಸಾಲು, ಅದೇ ಕ್ರಮ! ಇಂಗ್ಲಿಷ್ ಮೂಲಕ ಹೋಗಿದ್ರೆ ಇದು ಕಾಣ್ತಾನೇ ಇರ್ಲಿಲ್ಲ.

ಎರಡು ವಾರ ಎಲ್ಲಾ ಚೆನ್ನಾಗಿತ್ತು. ಆಮೇಲೆ ಇನ್ನೊಂದು ಫೋನು, ಈ ಸಲ 'ಶೋನ್ ವೀಡರ್' ಇಂದ. ಜೊತೆಯವ್ರು ಕಾರಿಡಾರಲ್ಲಿ ಬೆಲ್ ಆದಾಗೆಲ್ಲ "ಶೋನ್ ವೀಡರ್!" ಅಂತಿದ್ರು, ಇವಳು ಕೇಳಿಸ್ಕೊಂಡು, ಇದೂ ವೀಡರ್ ಅಲ್ವಾ, ಇಮ್ಮರ್ ವೀಡರ್ ಥರಾನೇ ಇರ್ಬೇಕು, ಇನ್ನೂ ಚಿಕ್ಕದಾಗಿದೆ ಅಂತ ಒಬ್ಬ ಅಜ್ಜಿ ಬಗ್ಗೆ ದಾಖಲೇಲಿ ಬರೆದ್ಬಿಟ್ಳು: "ಪಾಟ್ಸಿಯೆಂಟಿನ್ ಹಾಟ್ ಶೋನ್ ವೀಡರ್ ಗೆಕ್ಲಿಂಗೆಲ್ಟ್." ಅದರ ಧ್ವನಿ ಏನು ಗೊತ್ತಾ, 'ಅಯ್ಯೋ, ಈ ಯಮ್ಮ ತಿರ್ಗಾ ಬೆಲ್ ಮಾಡಿದ್ಲಪ್ಪಾ'. ಮನೆ ಬಾಗಿಲಿಗೆ ಬಂದೋರನ್ನ 'ಮತ್ತೆ ಬಂದ್ರಾ' ಅಂತ ಪ್ರೀತಿಯಿಂದಾನೂ ಕೇಳ್ಬೋದು, ಹುಬ್ಬು ಗಂಟು ಹಾಕ್ಕೊಂಡೂ ಕೇಳ್ಬೋದು, ನಮ್ಮಲ್ಲಿ ಅದೆಲ್ಲಾ ರಾಗದಲ್ಲಿರತ್ತೆ. ಜರ್ಮನ್‌ನಲ್ಲಿ ಆ ಬೇಸರ 'ಶೋನ್' ಅನ್ನೋ ಸಣ್ಣ ಪದದಲ್ಲಿ ಕೂತಿದೆ, ಶೋನ್ ಅಂದ್ರೆ 'ಆಗ್ಲೇ', ಅಂದ್ರೆ ನಾನು ಅನ್ಕೊಂಡಿದ್ದಕ್ಕಿಂತ ಬೇಗ. ಕಾಗದದ ಮೇಲೆ ರಾಗ ಕೇಳ್ಸಲ್ಲ, ಬೇಸರ ಒಂದೇ ಉಳ್ಕೊಳತ್ತೆ.

ಅಲ್ಲಿ ಇದು ಸಣ್ಣ ವಿಷ್ಯ ಅಲ್ಲ. 2013ರಿಂದ ಜರ್ಮನಿಯ ಸಿವಿಲ್ ಕೋಡ್‌ನಲ್ಲಿ ಪೇಷಂಟ್ ಹಕ್ಕುಗಳ ಭಾಗಾನೇ ಇದೆ, ಅದರ ಸೆಕ್ಷನ್ 630ಜಿ ಪ್ರಕಾರ ಪೇಷಂಟ್ ತನ್ನ ಕಡತ ಕೇಳಿ ಓದ್ಬೋದು. 630ಎಫ್ ಪ್ರಕಾರ ಬರೆದಿದ್ದನ್ನ ತಿದ್ದಿದ್ರೆ ಮೊದ್ಲು ಏನಿತ್ತು ಅನ್ನೋದೂ ಕಾಣ್ಲೇಬೇಕು, ಅಳಿಸಿ ಹಾಕೋ ಹಾಗಿಲ್ಲ. ಅಂದ್ರೆ ಆ 'ಶೋನ್ ವೀಡರ್' ಗೀಟಿನ ಕೆಳಗೆ ಅಲ್ಲೇ ಇದೆ. ಅವಳಿಗೆ ಟ್ರೈನಿಂಗ್ ಕೊಡ್ತಿದ್ದ ಸೀನಿಯರ್ ನರ್ಸ್ ಕೂರಿಸ್ಕೊಂಡು ಸಮಾಧಾನವಾಗಿ ಹೇಳಿದ್ರಂತೆ, ದಾಖಲೇಲಿ ನಮ್ಮ ಅಭಿಪ್ರಾಯ ಬರೀಬಾರ್ದು, ನಡೆದಿದ್ದು ಮಾತ್ರ ಬರೀಬೇಕು ಅಂತ. "ನಂಗೆ ಆ ಅಜ್ಜಿ ಮೇಲೆ ಬೇಜಾರೇ ಇರ್ಲಿಲ್ಲ ಮೇಡಂ, ಪಾಪ ಅವ್ರು ನೀರು ಬೇಕು ಅಂತ ಕರೀತಿದ್ರು" ಅಂದ್ಲು. ನಂಬಿದೆ. ಬೇಜಾರಿಲ್ದೇನೇ ಬೇಜಾರಿನ ಪದ ಬಾಯಿಗೆ ಬಂದ್ಬಿಡೋದು ಎರಡನೇ ಭಾಷೇಲಿ ಎಲ್ರಿಗೂ ಆಗೋದೇ, ಅದಕ್ಕೇ ನಾನು ಈಗ ಶೋನ್ ವೀಡರನ್ನ ಇಮ್ಮರ್ ವೀಡರ್ ಜೊತೇಲೇ, ಅದೇ ದಿನ, ಪಕ್ಕಪಕ್ಕ ಇಟ್ಟು ಕಲಿಸ್ತೀನಿ. ಡಾವರ್ನ್ಟ್ ಅನ್ನೋದನ್ನೂ ಅಲ್ಲೇ ಹೇಳ್ತೀನಿ, ಅದು 'ಒಂದೇ ಸಮ' ಅಂತ, ಅದರಲ್ಲೂ ಗೊಣಗಾಟ ಸೇರ್ಕೊಂಡಿರತ್ತೆ.

ಇಷ್ಟಾದ್ಮೇಲೆ ಅವಳು ಇಮ್ಮರ್ ವೀಡರನ್ನ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಳು. ಕೆಮ್ಮು ಇಮ್ಮರ್ ವೀಡರ್, ನೋವು ಇಮ್ಮರ್ ವೀಡರ್, ತಲೆಸುತ್ತು ಇಮ್ಮರ್ ವೀಡರ್. ಆಗ ವಾರ್ಡ್ ಮುಖ್ಯಸ್ಥೆ ಕೇಳಿದ್ದು ಎರಡೇ ಪದ: "ವೀ ಓಫ್ಟ್?" ಎಷ್ಟು ಸಲ? ಇದು ನನ್ನ ತಲೇಗೆ ಹೊಳೆದೇ ಇರ್ಲಿಲ್ಲ, ಭಾಷೆ ಕಲಿಸೋ ನಂಗೆ ಸರಿಯಾದ ಪದ ಬಂದ್ರೆ ಸಾಕು ಅನ್ಸಿತ್ತು. ಬಾಯಲ್ಲಿ ಹೇಳುವಾಗ ಇಮ್ಮರ್ ವೀಡರ್ ಚಿತ್ರ ಕೊಡತ್ತೆ, ಕೇಳೋರಿಗೆ ರಾತ್ರಿ ಹೇಗಿತ್ತು ಅಂತ ತಕ್ಷಣ ಗೊತ್ತಾಗತ್ತೆ. ಬರಿಯೋವಾಗ ಚುಕ್ಕಿಗಳನ್ನ ಎಣಿಸ್ಬೇಕು, ಉದಾಹರಣೆಗೆ: 22 ಗಂಟೆಯಿಂದ 4 ಗಂಟೆ ಒಳಗೆ 5 ಸಲ ತೆಗೆದ್ರು, ಪ್ರತೀ ಸಲ ಮತ್ತೆ ಹಾಕಲಾಯ್ತು, ಸ್ಯಾಚುರೇಶನ್ ಇಷ್ಟು. ಆ ನೀಲಿ ಚುಕ್ಕಿ ಹಾಳೇಲಿ ಅವಳು ಕೇಳ್ದೇನೇ ಟೈಮ್ ಬರೆದಿದ್ಲಲ್ಲ, ನರ್ಸ್ ಆಗಿ ಅವಳಿಗೆ ಅದು ಗೊತ್ತೇ ಇತ್ತು, ಹೊಸ ಪದ ಸಿಕ್ಕ ಖುಷೀಲಿ ಪಕ್ಕಕ್ಕೆ ಹೋಗಿತ್ತು ಅಷ್ಟೇ.

ಒಂದು ತೊಡಕು ಮಾತ್ರ ಪೂರ್ತಿ ಬಿಡ್ಲಿಲ್ಲ, ಆಲ್ಸ್ ಮತ್ತೆ ವೆನ್. ಹಿಂದೆ ಒಂದೇ ಸಲ ಆಗಿದ್ದಕ್ಕೆ ಆಲ್ಸ್, ಹಿಂದೆ ಮತ್ತೆ ಮತ್ತೆ ಆಗಿದ್ದಕ್ಕೆ ವೆನ್, ಬೇಕಾದ್ರೆ ಮುಂದೆ ಇಮ್ಮರ್ ಸೇರಿಸಿ 'ಇಮ್ಮರ್ ವೆನ್' ಅನ್ಬೋದು, ಇಲ್ಲ 'ಯೇಡೆಸ್ ಮಾಲ್, ವೆನ್' ಅನ್ಬೋದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ವೆನ್ ಅಂತಾನೇ ಬರತ್ತೆ, ಕೇಳೋಕೂ ಅದೇ ಥರ, ಹಾಗಾಗಿ ಎಲ್ಲಾ ಕಡೆ ವೆನ್ ಬಂದ್ಬಿಡತ್ತೆ. ಕನ್ನಡ ಮಾತ್ರ ಇಲ್ಲೂ ಬೇರೆ ಬೇರೆ ಇಟ್ಟಿದೆ. 'ನಾನು ಹೋದಾಗ ಅವ್ರು ಮಲಗಿದ್ರು', ಇದು ಆಲ್ಸ್. 'ನಾನು ಹೋದಾಗಲೆಲ್ಲಾ ಅವ್ರು ಮಲಗಿರ್ತಿದ್ರು', ಇದು ಇಮ್ಮರ್ ವೆನ್. 'ಎಲ್ಲಾ' ಸೇರತ್ತಾ ಇಲ್ವಾ ನೋಡ್ಕೊ, ಸೇರಿದ್ರೆ ವೆನ್, ಇಲ್ಲಾಂದ್ರೆ ಆಲ್ಸ್, ಅಂತ ಹೇಳ್ಕೊಟ್ಟೆ. ನಿಧಾನಕ್ಕೆ ಮಾತಾಡುವಾಗ ಸರಿ ಬರತ್ತೆ, ಅವಸರದಲ್ಲಿ ಇನ್ನೂ ತಪ್ತಾಳೆ, ಬರ್ತಾ ಬರ್ತಾ ಹೋಗತ್ತೆ.

ಅಕ್ಟೋಬರ್‌ನಲ್ಲಿ ಮತ್ತೊಂದು ವಾಯ್ಸ್ ಮೆಸೇಜು. ಬೆಲ್ ಮಾಡ್ತಿದ್ದ ಅಜ್ಜಿ ಇನ್ನೊಂದ್ಸಲ ಅಡ್ಮಿಟ್ ಆಗಿ ವಾಸಿಯಾಗಿ ಮನೆಗೆ ಹೊರಟಿದ್ರು, ಇವಳ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ರು. ಇವಳು ಖುಷಿಯಾಗಿ "ಇಮ್ಮರ್ ವೀಡರ್ ಗೆರ್ನೆ" ಅಂದ್ಲು, ಯಾರಾದ್ರೂ ಥ್ಯಾಂಕ್ಸ್ ಹೇಳಿದ್ರೆ 'ಎಷ್ಟು ಸಲ ಬೇಕಾದ್ರೂ ಸಂತೋಷವಾಗಿ ಮಾಡ್ತೀನಿ' ಅನ್ನೋಕೆ ಅಲ್ಲಿ ಹೇಳೋ ಮಾತು ಅದು, ಅಂಗಡೀಲಿ ಹೋಟೆಲಲ್ಲಿ ಎಲ್ಲಾ ಕೇಳತ್ತೆ. ಅಜ್ಜಿ ಕೈ ಬಿಡ್ದೇನೇ ನಕ್ಕು "ಲೀಬರ್ ನಿಖ್ಟ್ ವೀಡರ್" ಅಂದ್ರಂತೆ, ಮತ್ತೆ ಬೇಡ್ವೇ ಬೇಡಮ್ಮ.

"ಮೇಡಂ, ನಾನು ಆಸ್ಪತ್ರೆಲಿ ನಿಂತ್ಕೊಂಡು ಹೋಗಿ ಬನ್ನಿ ಅಂದ ಹಾಗಾಯ್ತಲ್ವಾ?"

ಹೌದಮ್ಮ, ನಮ್ಮೂರಲ್ಲೂ ಡಿಸ್ಚಾರ್ಜ್ ಆದೋರಿಗೆ ಹೋಗಿ ಬನ್ನಿ ಅನ್ನಲ್ಲ ಅಲ್ವಾ, ಹುಷಾರು ಅಂತೀವಿ, ಮುಂದಿನ ಸಲ "ಆಲ್ಲೆಸ್ ಗೂಟೆ" ಅನ್ನು ಅಂತ ಟೈಪ್ ಮಾಡಿ ಕಳಿಸ್ದೆ.